ಹಗಲು ನಿದ್ದೆಗೊಂದು ಗೋಡೆ

ಆ ಮನೆಯ ವಿಷಯದಲ್ಲಿ ನಾನು ಮೊಟ್ಟಮೊದಲು ನಿರ್ಧರಿಸಿದ್ದು ಒಂದು ಕಿಟಕಿ ಎಷ್ಟು ಚಿಕ್ಕದಾಗಿರಬೇಕು ಎಂಬುದನ್ನು. ಮನೆ ಎಷ್ಟು ದೊಡ್ಡದಿರಬೇಕು, ತಲೆಬಾಗಿಲು ಯಾವ ದಿಕ್ಕಿಗಿರಬೇಕು ಎಂಬುದೆಲ್ಲ ಆಮೇಲಿನ ಮಾತು. ಮಲಗುವ ಕೋಣೆಯ ಕಿಟಕಿ ಎರಡು ಅಡಿ ಅಗಲ, ಎರಡು ಅಡಿ ಎತ್ತರ ಇರಬೇಕು. ಅದು ರೈಲು ಹಳಿಗೆ ಬೆನ್ನು ಮಾಡಿರಬೇಕು. ಅದಕ್ಕೆ ಒಳಗೊಂದು, ಹೊರಗೊಂದು, ಎರಡು ಜೊತೆ ಕದಗಳಿರಬೇಕು. ನಕ್ಷೆ ಬರೆದುಕೊಡುವವರು ನನ್ನ ಚೀಟಿಯನ್ನು ಎರಡು ಸಲ ಓದಿ, "ಏನ್ ಮೇಡಂ, ಫೋಟೋ ತೊಳೆಯೋ ರೂಮಾ?" ಎಂದು ಕೇಳಿದರು.

"ಅಲ್ಲ, ನನ್ನ ತಾಯಿ ಹಗಲು ಹೊತ್ತಿನಲ್ಲಿ ಮಲಗುವವರು," ಎಂದೆ.

ಅಮ್ಮ ಶಿವಾಜಿನಗರದ ಕಡೆಯ ಒಂದು ಆಸ್ಪತ್ರೆಯಲ್ಲಿ ಆಯಾ ಆಗಿದ್ದಳು. ಅವಳ ನೇಮಕವೇ ರಾತ್ರಿ ಪಾಳಿಗೆಂದು ಆದದ್ದರಿಂದ ಹಗಲಿನ ಪಾಳಿಯನ್ನು ಕೇಳುವ ದಾರಿಯಿರಲಿಲ್ಲ. ನಾನು ಐದನೆಯ ತರಗತಿಯಲ್ಲಿದ್ದಾಗ ಅಪ್ಪ ತೀರಿಕೊಂಡರು. ಅಲ್ಲಿಂದ ಮುಂದೆ, ತೊಂಬತ್ತರ ದಶಕದ ಉದ್ದಕ್ಕೂ, ನಾವಿಬ್ಬರೂ ಬೈಯಪ್ಪನಹಳ್ಳಿಯಲ್ಲಿ ಹಳಿಯ ಪಕ್ಕದ ಒಂದು ಶೀಟಿನ ಮನೆಯಲ್ಲಿ ಬಾಡಿಗೆಗಿದ್ದೆವು. ಅಮ್ಮ ಬೆಳಿಗ್ಗೆ ಪಾಳಿ ಮುಗಿಸಿ, ರಸೆಲ್ ಮಾರುಕಟ್ಟೆಯಲ್ಲಿ ಒಂದು ಕಟ್ಟು ಸೊಪ್ಪು ಕೊಂಡು, ಎಂಟೂವರೆಯ ಬಸ್ಸಿಗೆ ಬರುತ್ತಿದ್ದಳು. ಸ್ನಾನ, ಊಟ ಮುಗಿದು ಅವಳು ಚಾಪೆಗೆ ಬೆನ್ನು ಹಚ್ಚುವಾಗ ಹತ್ತು ಗಂಟೆ. ಶೀಟು ಕಾಯಲು ಆರಂಭವಾಗುವುದೂ ಅದೇ ಹೊತ್ತಿಗೆ. ಹನ್ನೊಂದರ ಹೊತ್ತಿಗೆ ಬಿಸಿಲಿಗೆ ಹಿಗ್ಗಿದ ಶೀಟು ಮೊಳೆಗಳ ಬುಡದಲ್ಲಿ ಟಕ್ ಟಕ್ ಎನ್ನುತ್ತಿತ್ತು. ನಾವು ಅದರ ಮೇಲೆ ಗೋಣಿಚೀಲಗಳನ್ನು ಹಾಸಿ ನೀರು ಚೆಲ್ಲುತ್ತಿದ್ದೆವು. ಅರ್ಧ ಗಂಟೆಯಲ್ಲಿ ಅವು ಒಣಗುತ್ತಿದ್ದವು. ಇದರ ನಡುವೆ ಗೂಡ್ಸ್ ರೈಲು. ಅಮ್ಮ ಕಣ್ಣಿನ ಮೇಲೆ ಒದ್ದೆ ಟವೆಲ್ಲು ಹಾಕಿಕೊಂಡು, ನಿದ್ದೆ ಬಂದವಳಂತೆ ಮಲಗಿರುತ್ತಿದ್ದಳು. ನಿಜವಾಗಿ ನಿದ್ದೆ ಬಂದಿದೆಯೋ ಇಲ್ಲವೋ ಎಂಬುದನ್ನು ನಾನು ಅವಳ ಕಾಲಿನ ಹೆಬ್ಬೆರಳನ್ನು ನೋಡಿ ತಿಳಿದುಕೊಳ್ಳುತ್ತಿದ್ದೆ. ಬಹುಪಾಲು ಅದು ಅಲುಗುತ್ತಲೇ ಇರುತ್ತಿತ್ತು.

ಹೀಗಾಗಿ ನಾನು ಸದ್ದಿಲ್ಲದೆ ಬದುಕುವುದನ್ನು ಕಲಿತೆ. ರಜೆಯ ದಿನಗಳಲ್ಲಿ ಪಾತ್ರೆಗಳನ್ನು ಹಳೆಯ ಸೀರೆಯ ಮೇಲಿಟ್ಟು ತೊಳೆಯುತ್ತಿದ್ದೆ. ಪುಸ್ತಕದ ಹಾಳೆಯನ್ನು ತುದಿ ಹಿಡಿದು ಮೆಲ್ಲಗೆ ಎತ್ತಿ ಮಗುಚುತ್ತಿದ್ದೆ. ಬಾಯಿಪಾಠವನ್ನು ತುಟಿ ಅಲುಗಿಸಿಯೇ ಮಾಡುತ್ತಿದ್ದೆ. ನಮ್ಮ ಕುಟುಂಬದಲ್ಲಿ ಪದವಿ ಪಡೆದ ಮೊದಲನೆಯವಳು ನಾನು. ಆ ಪದವಿಯ ಓದೆಲ್ಲ ಧ್ವನಿಯಿಲ್ಲದೆ ಆದದ್ದು. ಮೌಖಿಕ ಪರೀಕ್ಷೆಯಲ್ಲಿ ಅಧ್ಯಾಪಕರು, "ಉತ್ತರ ಸರಿ ಇದೆ ಅನ್ಸುತ್ತೆ, ಆದ್ರೆ ನನಗೆ ಕೇಳಿಸ್ತಿಲ್ವಲ್ಲಮ್ಮಾ," ಎಂದಿದ್ದರು. ನಾಲ್ಕು ಜನರ ಮುಂದೆ ಧ್ವನಿ ಎತ್ತಿದರೆ ಎಲ್ಲೋ ಯಾರೋ ಬೆಚ್ಚಿ ಎದ್ದು ಕೂತಾರು ಎಂಬ ಭಯ ನನಗೆ ಇಂದಿಗೂ ಪೂರ್ತಿ ಹೋಗಿಲ್ಲ.

ನಾನು ಕೆಲಸಕ್ಕೆ ಸೇರಿದ ಎರಡನೆಯ ವರ್ಷ, ಒಂದು ಬೆಳಿಗ್ಗೆ ಅಮ್ಮ ಸೊಪ್ಪು ತರದೆ ಬಂದಳು. ವಾರ್ಡಿನಲ್ಲಿ ಸ್ಟೂಲಿನ ಮೇಲೆ ಕೂತಲ್ಲೇ ತೂಕಡಿಸಿಬಿಟ್ಟಿದ್ದಳಂತೆ. ಒಬ್ಬ ರೋಗಿಯ ಸಲೈನು ಮುಗಿದು ಕೊಳವೆಯಲ್ಲಿ ರಕ್ತ ಹಿಂದಕ್ಕೆ ಬಂದಿತ್ತು. ರೋಗಿಗೆ ಏನೂ ಆಗಲಿಲ್ಲ.

"ಸಿಸ್ಟರ್ ಬೈಲಿಲ್ಲ," ಎಂದಳು ಅಮ್ಮ, ಕೂದಲು ಬಿಚ್ಚಿಕೊಳ್ಳುತ್ತ. "ಬೈದಿದ್ರೆ ಚೆನ್ನಾಗಿತ್ತು. ಇನ್ನೊಂದ್ಸಲ ಆದ್ರೆ ನಾನು ಮೇಲೆ ಬರೆದು ಕಳಿಸ್ಲೇಬೇಕಾಗುತ್ತೆ, ನೀವೇ ನೋಡ್ಕೊಳ್ಳಿ ಅಂದ್ರು."

ಅವಳ ಸೇವೆ ಇನ್ನೂ ಆರು ವರ್ಷ ಉಳಿದಿತ್ತು. ಅವಳಿಗೆ ಆ ಕೆಲಸದ ಮೇಲೆ ಒಂದು ಬಗೆಯ ಅಭಿಮಾನವಿತ್ತು. ಸಮವಸ್ತ್ರವನ್ನು ಮಾತ್ರ ಅವಳು ಯಾರ ಕೈಗೂ ಒಗೆಯಲು ಕೊಡುತ್ತಿರಲಿಲ್ಲ. ತೂಕಡಿಸಿದವಳು ಎಂದು ಬರೆಸಿಕೊಂಡು ಅವಳು ಆ ವಾರ್ಡಿನಿಂದ ಹೊರಬರಬಾರದು ಎಂದು ನಾನು ತೀರ್ಮಾನಿಸಿದೆ. ಆ ದಿನವೇ ಕಿಟಕಿಯ ಅಳತೆಯನ್ನು ಬರೆದಿಟ್ಟುಕೊಂಡೆ.

ಅಪ್ಪ ಬದುಕಿದ್ದಾಗ ಕೆ.ಆರ್. ಪುರದ ಆಚೆ ಇಪ್ಪತ್ತು ಮೂವತ್ತರ ಒಂದು ಸೈಟು ಮಾಡಿಟ್ಟಿದ್ದರು. ಅದೂ ಹಳಿಯಿಂದ ಬಹಳ ದೂರವಿರಲಿಲ್ಲ. ಸಾಲದ್ದಕ್ಕೆ ಎದುರಿಗೇ ಕಬ್ಬಿಣದ ಗ್ರಿಲ್ ಮಾಡುವ ಒಂದು ಅಂಗಡಿ. ದಿನವಿಡೀ ಸಲಾಕೆ ಕೊಯ್ಯುವ ಯಂತ್ರದ ಕಿರುಚಾಟ. ಶೀಟಿನ ಮನೆ ಬಿಟ್ಟು ಇಲ್ಲಿ ಇಟ್ಟಿಗೆಯ ಮನೆ ಕಟ್ಟಿದರೆ ಕಾವಲಿಯಿಂದ ಒಲೆಗೆ ಬಿದ್ದಂತಾಗುತ್ತದಷ್ಟೆ ಎಂದು ನನಗೆ ಅನ್ನಿಸುತ್ತಿತ್ತು.

ನಾನು ಆಗ ಇಂದಿರಾನಗರದ ಒಂದು ಸಣ್ಣ ಕಂಪನಿಯಲ್ಲಿ ಪತ್ರವ್ಯವಹಾರ ನೋಡಿಕೊಳ್ಳುತ್ತಿದ್ದೆ. ಹಾಲು, ಔಷಧಿಗಳನ್ನು ತಂಪಾಗಿ ಇಡುವ ಕೋಣೆಗಳಿಗೆ ಥರ್ಮೋಕೋಲ್ ಹಲಗೆ ಹೊಂದಿಸಿಕೊಡುವುದು ಆ ಕಂಪನಿಯ ಕೆಲಸ. ಮಾಲೀಕರು ಒಮ್ಮೆ ಹೊರದೇಶದಿಂದ ಹೊಸ ಬಗೆಯ ಬ್ಲಾಕುಗಳನ್ನು ತರಿಸಿದ್ದರು. ಒಂದೊಂದೂ ನಾಲ್ಕು ಅಡಿ ಉದ್ದ. ಎರಡು ದಪ್ಪ ಫೋಮ್ ಹಲಗೆಗಳು ಎದುರುಬದುರಾಗಿ ನಿಂತು, ನಡುವೆ ಪ್ಲಾಸ್ಟಿಕ್ ಪಟ್ಟಿಗಳಿಂದ ಜೋಡಣೆಯಾಗಿರುತ್ತವೆ. ಮಧ್ಯದಲ್ಲಿ ಆರು ಅಂಗುಲದ ಟೊಳ್ಳು. ಇವನ್ನು ಒಂದರ ಮೇಲೊಂದು ಹಲ್ಲು ಕೂಡಿಸಿ ಜೋಡಿಸಬೇಕು, ಟೊಳ್ಳಿನೊಳಗೆ ಸಲಾಕೆ ಇಳಿಸಬೇಕು, ಕಾಂಕ್ರೀಟು ತುಂಬಬೇಕು. ಕಾಂಕ್ರೀಟು ಗಟ್ಟಿಯಾದ ಮೇಲೂ ಫೋಮನ್ನು ಬಿಚ್ಚುವುದಿಲ್ಲ. ಅದು ಗೋಡೆಯ ಎರಡೂ ಮೈಗೆ ಹೊದಿಕೆಯಾಗಿ ಅಲ್ಲೇ ಉಳಿಯುತ್ತದೆ. ಮನೆ ಕಟ್ಟುವವರು ಯಾರೂ ಇದನ್ನು ಕೊಳ್ಳಲು ಬರಲಿಲ್ಲ. ಸರಕು ಎರಡು ವರ್ಷ ಗೋದಾಮಿನಲ್ಲೇ ಬಿದ್ದಿತ್ತು.

ಒಂದು ಮಧ್ಯಾಹ್ನ ದಾಸ್ತಾನು ಎಣಿಸಲು ನಾನು ಗೋದಾಮಿಗೆ ಹೋದೆ. ಬಾಗಿಲಿನಲ್ಲಿ ಒಂದು ಲಾರಿ ಎಂಜಿನ್ ಆರಿಸದೆ ನಿಂತಿತ್ತು. ಬ್ಲಾಕುಗಳ ಎರಡು ಎತ್ತರದ ಸಾಲುಗಳ ನಡುವಿನ ಕಿರಿದಾದ ದಾರಿಯಲ್ಲಿ ಎಣಿಸುತ್ತ ಒಳಕ್ಕೆ ಹೋದ ಹಾಗೆ ಲಾರಿಯ ಸದ್ದು ತಗ್ಗಿತು. ಇನ್ನೂ ನಾಲ್ಕು ಹೆಜ್ಜೆ ಇಟ್ಟಾಗ ಅದು ಬೇರೆ ಯಾವುದೋ ಬೀದಿಯ ಲಾರಿಯಾಯಿತು. ತಗಡಿನ ಗೋದಾಮಿನ ಆ ಸೆಕೆಯಲ್ಲೂ ಅಲ್ಲಿ ಮುಖಕ್ಕೆ ಕಾವು ತಾಗಲಿಲ್ಲ. ನಾನು ಎಣಿಕೆ ಮರೆತು, ನಿಂತಲ್ಲೇ ಕಣ್ಣು ಮುಚ್ಚಿಕೊಂಡೆ. ಅಮ್ಮನನ್ನು ಇಲ್ಲಿ ಚಾಪೆ ಹಾಸಿ ಮಲಗಿಸಬೇಕು ಎಂಬುದೇ ಆಗ ನನಗೆ ಬಂದ ಆಲೋಚನೆ.

ಮಾಲೀಕರನ್ನು ಕೇಳಲು ನನಗೆ ಹದಿನೈದು ದಿನ ಬೇಕಾಯಿತು. ಅವರು ಕನ್ನಡಕ ತೆಗೆದು ನೋಡಿದರು.

"ಅದ್ರಲ್ಲಿ ಮನೆ ಕಟ್ತೀರಾ? ತರಿಸಿದ ನಾನೇ ಧೈರ್ಯ ಮಾಡ್ಲಿಲ್ಲ ಕಣ್ರೀ."

"ಕಟ್ಟುತ್ತೇನೆ ಸರ್."

"ತಗೊಂಡು ಹೋಗಿ. ಗೋದಾಮು ಖಾಲಿ ಮಾಡ್ಬೇಕು, ನೀವು ಸಾಗಿಸ್ಕೊಂಡ್ರೆ ನಂಗೇ ಉಪಕಾರ. ಆದ್ರೆ ಒಂದು ಮಾತು. ಕಮ್ಮಿ ಬಿದ್ರೆ ಇನ್ನೊಂದು ಪೀಸೂ ಸಿಗಲ್ಲ. ತಿರುಗಾ ತರಿಸೋ ಹುಚ್ಚು ನನಗಿಲ್ಲ."

ಬ್ಲಾಕುಗಳ ಜೊತೆಗೆ ನಲವತ್ತು ಪುಟದ ಒಂದು ಇಂಗ್ಲಿಷ್ ಕೈಪಿಡಿಯಿತ್ತು. ನಾನು ನಿಘಂಟನ್ನು ಪಕ್ಕದಲ್ಲಿಟ್ಟುಕೊಂಡು ಅದನ್ನು ಪೂರ್ತಿಯಾಗಿ ಕನ್ನಡಕ್ಕೆ ಅನುವಾದಿಸಿ, ಮೂರು ಸಲ ತಿದ್ದಿ, ಉದ್ದ ನೋಟುಪುಸ್ತಕದಲ್ಲಿ ಶುದ್ಧಪ್ರತಿ ಮಾಡಿದೆ. ಅದರಲ್ಲಿ ಇಪ್ಪತ್ತೆರಡನೆಯ ಪುಟದ ವಾಕ್ಯಗಳು ನನಗೆ ಈಗಲೂ ನೆನಪಿವೆ: "ಕಾಂಕ್ರೀಟನ್ನು ಒಂದೇ ಸಲಕ್ಕೆ ಮೂರು ಅಡಿಗಿಂತ ಹೆಚ್ಚು ಎತ್ತರಕ್ಕೆ ಸುರಿಯತಕ್ಕದ್ದಲ್ಲ. ಮನೆಯ ಸುತ್ತ ಒಂದು ಸುತ್ತು ಮುಗಿಸಿದ ನಂತರವೇ ಮೊದಲಿನ ಸ್ಥಳಕ್ಕೆ ಮರಳತಕ್ಕದ್ದು. ಮೂಲೆಗಳಲ್ಲಿ ವಿಶೇಷ ಎಚ್ಚರಿಕೆ ವಹಿಸತಕ್ಕದ್ದು." ಹಸಿ ಕಾಂಕ್ರೀಟಿನ ಭಾರ ಬದಿಗೆ ಒತ್ತುತ್ತದೆ, ಎತ್ತರ ಹೆಚ್ಚಿದಷ್ಟೂ ಬುಡದಲ್ಲಿ ಒತ್ತಡ ಹೆಚ್ಚು, ಫೋಮು ಅದನ್ನು ತಡೆಯಲಾರದು ಎಂಬುದು ಅದರ ಸಾರ.

ಮೇಸ್ತ್ರಿ ಸಿಕ್ಕಿದ್ದು ಹಲಸೂರು ಕೆರೆಯ ಹಿಂದಿನ ಬೀದಿಯಲ್ಲಿ. ಮನೆಮಾತು ತಮಿಳು, ಮೂವತ್ತು ವರ್ಷಗಳ ಅನುಭವ, ಕಿವಿಯ ಸಂದಿಯಲ್ಲಿ ಯಾವಾಗಲೂ ಒಂದು ತುಂಡು ಪೆನ್ಸಿಲು. ನಾನು ಕೈಚೀಲದಿಂದ ಬ್ಲಾಕಿನ ಒಂದು ಚೂರನ್ನು ತೆಗೆದು ಕೊಟ್ಟೆ. ಅವರು ಹೆಬ್ಬೆರಳಿನಿಂದ ಒತ್ತಿದರು. ಗುಳಿ ಬಿತ್ತು.

"ಏನಮ್ಮಾ ಇದು, ಟಿವಿ ಡಬ್ಬದೊಳಗೆ ಬರೋದಲ್ವಾ?"

"ಅದೇ ಜಾತಿಯದು. ಒಳಗೆ ಕಾಂಕ್ರೀಟು ಇರುತ್ತದೆ."

"ರಿಚರ್ಡ್ಸ್ ಟೌನಲ್ಲಿ ಕಲ್ಲಿನ ಬಂಗ್ಲೆಗಳ್ನ ರಿಪೇರಿ ಮಾಡಿರೋ ಕೈಯಮ್ಮಾ ಇದು. ನಾಳೆ ನಾಲ್ಕು ಜನ ಏನ್ ಕಟ್ದೆ ಅಂತ ಕೇಳಿದ್ರೆ ಥರ್ಮೋಕೋಲ್ ಅನ್ಲಾ?" ಚೂರನ್ನು ತಿರುಗಿಸಿ ನೋಡಿ, "ಯಾರಿಗಮ್ಮಾ ಈ ಮನೆ?" ಎಂದರು.

ನಾನು ಸಲೈನಿನ ವಿಷಯವನ್ನು ಬಿಟ್ಟು ಉಳಿದದ್ದನ್ನೆಲ್ಲ ಹೇಳಿದೆ. ಅವರು ಚೂರನ್ನು ನನ್ನ ಕೈಗೆ ಹಿಂದಿರುಗಿಸಿದರು.

"ಹಗಲು ಮಲಗೋಕೆ ಗೋಡೆ. ಇದುವರ್ಗೂ ಯಾರೂ ಕೇಳಿಲ್ಲ ಬಿಡಿ. ಕಟ್ತೀನಿ. ಆದ್ರೆ ನನ್ನ ಆಳುಗಳ ಮುಂದೆ ಪುಸ್ತಕ ತೆಗೆದು ಓದ್ಬೇಡಿ, ನಗ್ತಾರೆ. ಏನಿದ್ರೂ ನನ್ನ ಕಿವೀಲಿ ಹೇಳಿ."

ಈ ಷರತ್ತು ನನಗೆ ಹಿತವಾಗಿಯೇ ಇತ್ತು. ಮೆಲ್ಲಗೆ ಹೇಳುವುದು ನನಗೆ ಗೊತ್ತಿದ್ದ ಒಂದೇ ವಿಧಾನ.

ತಳಪಾಯ ಮುಗಿದ ಮೇಲೆ ಗೋಡೆಗಳು ಮೂರೇ ದಿನದಲ್ಲಿ ಎದ್ದು ನಿಂತವು. ಅಷ್ಟು ಬೇಗ ಎದ್ದದ್ದೇ ಅನುಮಾನಕ್ಕೆ ಕಾರಣವಾಯಿತು. ಎರಡನೆಯ ದಿನ ಮಧ್ಯಾಹ್ನ ಜೋರಾಗಿ ಗಾಳಿ ಬೀಸಿ, ಮೇಲಿನ ಸಾಲಿನ ಒಂದು ಬ್ಲಾಕು ಹಾರಿ ರಸ್ತೆಗೆ ಬಿತ್ತು. ಗ್ರಿಲ್ ಅಂಗಡಿಯವನು ಅದನ್ನು ಒಂದೇ ಕೈಯಲ್ಲಿ ಎತ್ತಿ ತಂದು ಕೊಟ್ಟ.

"ಮೇಡಂ, ನಿಮ್ಮ ಗೋಡೆ ನಮ್ಮಂಗ್ಡಿಗೆ ಬಂದಿತ್ತು. ಗಣೇಶನ್ನ ಯಾವತ್ತು ಕೂರಿಸ್ತೀರಾ? ಆರ್ಕೆಸ್ಟ್ರಾ ಇದ್ರೆ ಹೇಳಿ, ಮುಂದಿನ ಸಾಲಲ್ಲಿ ಚೇರ್ ಹಾಕ್ಸಿ."

ಬೀದಿಯಲ್ಲಿ ಅದು ಗಣೇಶನ ಪೆಂಡಾಲೆಂದೇ ಹೆಸರಾಯಿತು. ನಾನು ನಗಲು ಪ್ರಯತ್ನಿಸಿ, ಮೇಸ್ತ್ರಿಗೆ ಹೇಳಿ ಸರ್ವೆ ಗಳುಗಳ ಆಸರೆಯನ್ನು ಇಮ್ಮಡಿಯಾಗಿ ಕಟ್ಟಿಸಿದೆ. ಎಲ್ಲ ಮುಗಿದ ಮೇಲೆ ಹನ್ನೊಂದು ಬ್ಲಾಕುಗಳು ಉಳಿದವು. ಅವನ್ನು ಮೂಲೆಯಲ್ಲಿ ಒಟ್ಟಿ ಟಾರ್ಪಾಲು ಮುಚ್ಚಿಟ್ಟೆ.

ಕಾಂಕ್ರೀಟು ತುಂಬುವ ದಿನ ಅಮ್ಮ ಪಾಳಿ ಮುಗಿಸಿ ನೇರವಾಗಿ ಸೈಟಿಗೇ ಬಂದಳು. ಮಾರುಕಟ್ಟೆಯಿಂದ ಸೇವಂತಿಗೆ, ತೆಂಗಿನಕಾಯಿ ತಂದಿದ್ದಳು. ಈಶಾನ್ಯದ ಮೂಲೆಯ ಬಿಳಿಯ ಫೋಮಿಗೆ ಅರಿಶಿನ ಕುಂಕುಮ ಹಚ್ಚಿ, ಹೂವಿಟ್ಟು, ಕಾಯಿ ಒಡೆದೆವು. ಅದು ಮಲಗುವ ಕೋಣೆಯ ಮೂಲೆಯೇ ಆಗಿತ್ತು. ಮಿಕ್ಸರ್ ಯಂತ್ರ ತಿರುಗತೊಡಗಿತು. ಆಳುಗಳು ಸಾಲಾಗಿ ನಿಂತು ಬಾಂಡ್ಲಿಗಳನ್ನು ಕೈಯಿಂದ ಕೈಗೆ ದಾಟಿಸತೊಡಗಿದರು. ಮೊದಲ ಬಾಂಡ್ಲಿ ಪೂಜೆಯ ಮೂಲೆಗೆ ಬಿತ್ತು. ಎರಡನೆಯದೂ, ಹತ್ತನೆಯದೂ, ಮೂವತ್ತನೆಯದೂ ಅಲ್ಲಿಗೇ ಬಿತ್ತು.

ಅವರೆಲ್ಲ ತಾರಸಿ ಹಾಕುವ ತಂಡದವರು. ತಾರಸಿಯ ಕೆಲಸದಲ್ಲಿ ಒಂದು ನಿಯಮವಿದೆ: ಹಿಡಿದದ್ದನ್ನು ಮುಗಿಸದೆ ನಿಲ್ಲಿಸುವಂತಿಲ್ಲ, ನಿಲ್ಲಿಸಿದಲ್ಲಿ ಸೀಳು ಬರುತ್ತದೆ. ಜೊತೆಗೆ ಪೂಜೆ ಮಾಡಿದ ಮೂಲೆಯನ್ನು ಅರ್ಧಕ್ಕೆ ಬಿಟ್ಟು ಮುಂದೆ ಹೋಗುವುದು ಯಾರ ಮನಸ್ಸಿಗೂ ಬರುವಂಥದ್ದಲ್ಲ. ನನ್ನ ನೋಟುಪುಸ್ತಕದಲ್ಲಿದ್ದದ್ದು ಈ ಎರಡಕ್ಕೂ ವಿರುದ್ಧ. ನಾನು ಮಿಕ್ಸರ್ ಬಳಿಯಿದ್ದ ಮೇಸ್ತ್ರಿಯ ಕಿವಿಯ ಹತ್ತಿರ ಹೋಗಿ, "ಮೂರು ಅಡಿ ದಾಟಿದೆ, ಈಗ ಮುಂದಕ್ಕೆ ಹೋಗಬೇಕು," ಎಂದೆ.

"ಪೂಜೆ ಮೂಲೆ ಅಮ್ಮಾ. ಅದೊಂದು ತುಂಬ್ಬಿಡ್ಲಿ. ಆಮೇಲೆ ನಿಮ್ಮ ಬುಕ್ಕು ಹೇಳಿದಂಗೇ ಮಾಡೋಣ."

ನಾನು ಹಿಂದಿರುಗಿದೆ. ಈ ಸಂಗತಿಯನ್ನು ಯಾರ ಮೇಲೂ ಹೊರಿಸದೆ ಬರೆಯಬೇಕೆಂಬುದು ನನ್ನ ಇಚ್ಛೆ. ಮೇಸ್ತ್ರಿ ಮೂವತ್ತು ವರ್ಷ ಗೋಡೆ ಕಟ್ಟಿದವರು. ನಾನು ಮೂರು ತಿಂಗಳು ಒಂದು ಪುಸ್ತಕವನ್ನು ಅನುವಾದಿಸಿದವಳು. ನನ್ನ ಅನುವಾದವೇ ತಪ್ಪಿದ್ದರೆ? ಅಮ್ಮ ಬೇರೆ ಕೈಮುಗಿದು ಅದೇ ಮೂಲೆಯನ್ನು ನೋಡುತ್ತ ನಿಂತಿದ್ದಳು. ಆ ತುಂಬು ಪೂಜೆಯ ನಡುವೆ ನಿಲ್ಲಿಸಿ ಎಂದು ಹೇಗೆ ಹೇಳುವುದು? ಇವೆಲ್ಲ ಆಗ ನಾನು ಕೊಟ್ಟುಕೊಂಡ ಕಾರಣಗಳು. ಮುಖ್ಯ ಕಾರಣವೆಂದರೆ, ನನಗೆ ಜೋರಾಗಿ ಮಾತಾಡಿ ಅಭ್ಯಾಸವಿರಲಿಲ್ಲ.

ಐದು ಅಡಿ ತುಂಬಿದಾಗ ಒಂದು ಸದ್ದು ಕೇಳಿಸಿತು. ಹೊಸ ಚಪ್ಪಲಿ ಕಿರುಗುಟ್ಟುವಂಥ ಸಣ್ಣ ಸದ್ದು. ಮಿಕ್ಸರ್ ಗದ್ದಲದಲ್ಲಿ ಅದು ಬೇರೆ ಯಾರಿಗೂ ಕೇಳಿಸಲಿಲ್ಲ. ಸಣ್ಣ ಸದ್ದುಗಳನ್ನು ಎಲ್ಲರಿಗಿಂತ ಮೊದಲು ಹಿಡಿಯುವುದು ನನಗೆ ಚಿಕ್ಕಂದಿನಿಂದ ಬಂದದ್ದು. ನಾನು ಬಾಯಿ ತೆರೆದೆ. ಧ್ವನಿ ಬರಲಿಲ್ಲ. ಮೂಲೆಯ ಎರಡನೆಯ ಸಾಲಿನ ಬ್ಲಾಕು ಹೊಟ್ಟೆ ಬಂದಂತೆ ಉಬ್ಬಿತು, ಅರಿಶಿನದ ಗುರುತು ಎರಡಾಗಿ ಸೀಳಿತು, ಕಾಂಕ್ರೀಟು ಗಂಜಿಯ ಹಾಗೆ ಹೊರಕ್ಕೆ ಇಳಿಯಿತು. ಹೂವಿನ ಮೇಲೆ, ಒಡೆದ ಕಾಯಿಯ ಮೇಲೆ, ಅಮ್ಮನ ಪಾದಗಳ ಮೇಲೆ.

"ನಿಲ್ಸಿ," ಎಂದು ಕೂಗಿದೆ.

ಬಾಂಡ್ಲಿಗಳು ಇದ್ದ ಕೈಯಲ್ಲೇ ನಿಂತವು. ಮಿಕ್ಸರಿನವನು ಯಂತ್ರ ಆರಿಸಿದ. ಎದುರಿನ ಗ್ರಿಲ್ ಅಂಗಡಿಯ ಯಂತ್ರವೂ ನಿಂತಿತು. ನನ್ನದೇ ಧ್ವನಿ ಅಷ್ಟು ದೊಡ್ಡದೆಂದು ನನಗೆ ಗೊತ್ತಿರಲಿಲ್ಲ. ಅಮ್ಮ ಗೋಡೆಯನ್ನು ನೋಡಲಿಲ್ಲ, ಕಾಲನ್ನೂ ನೋಡಲಿಲ್ಲ. ಬಾಯಿ ಅರೆ ತೆರೆದು ನನ್ನನ್ನೇ ನೋಡುತ್ತಿದ್ದಳು.

"ಮುಗೀತು ಪೆಂಡಾಲು," ಎಂದು ಸಾಲಿನಲ್ಲಿ ಯಾರೋ ಗೊಣಗಿದರು.

"ಬಾಯ್ಮುಚ್ಚೋ," ಎಂದರು ಮೇಸ್ತ್ರಿ. ಅವರ ಮುಖ ಬಿಳುಚಿತ್ತು. ನನ್ನ ಕಡೆ ತಿರುಗಿ, "ಹಿಂಗಾದ್ರೆ ಏನ್ ಮಾಡ್ಬೇಕು ಅಂತ ಬುಕ್ಕಲ್ಲಿದ್ಯಾ?"

"ಇದೆ. ಮೂವತ್ತೊಂದನೆಯ ಪುಟ."

"ಓದಿ. ಕಿವೀಲಲ್ಲ. ಎಲ್ರಿಗೂ ಕೇಳೋ ಹಂಗೆ ಓದಿ."

ನಾನು ಮರಳಿನ ರಾಶಿಯ ಮೇಲೆ ನಿಂತು ಓದಿದೆ. "ಆ ಸ್ಥಳದಲ್ಲಿ ಸುರಿಯುವುದನ್ನು ತಕ್ಷಣ ನಿಲ್ಲಿಸತಕ್ಕದ್ದು. ಉಳಿದ ಗೋಡೆಯ ಕೆಲಸವನ್ನು ಮಾತ್ರ ನಿಲ್ಲಿಸತಕ್ಕದ್ದಲ್ಲ."

"ತಕ್ಕದ್ದು, ತಕ್ಕದ್ದಲ್ಲ, ಏನಮ್ಮಾ ಇದು? ಮಾಡ್ಬೇಕಾ, ಬೇಡ್ವಾ?" ಎಂದರು ಮೇಸ್ತ್ರಿ.

"ಇಲ್ಲಿ ಹಾಕಬೇಡಿ. ಬೇರೆ ಕಡೆ ಹಾಕಿ. ಮೂರೇ ಅಡಿ. ಒಂದು ಸುತ್ತು ಮುಗಿಸಿ ಬನ್ನಿ."

ಆಮೇಲೆ ನಾನು ಪುಸ್ತಕದ ಭಾಷೆಯನ್ನು ಬದಿಗಿಟ್ಟು, ಓದಿಕೊಂಡು ಬಾಯಿಮಾತಿನಲ್ಲೇ ಹೇಳಿದೆ. ತಂಡ ಎರಡಾಯಿತು. ದೊಡ್ಡ ಗುಂಪು ಮನೆಯ ಆಚೆ ಬದಿಯಿಂದ ಮೂರು ಅಡಿಯ ಸುತ್ತನ್ನು ಹಿಡಿಯಿತು. ಮೇಸ್ತ್ರಿ ಮತ್ತು ಇನ್ನಿಬ್ಬರು ಒಡೆದ ಮೂಲೆಯ ಕಾಂಕ್ರೀಟನ್ನು ಕೈಯಿಂದಲೇ ಬಗೆದು ಹೊರಹಾಕಿ, ಸಲಾಕೆಗಳನ್ನು ನೀರಿನಿಂದ ತೊಳೆದರು. ಒಳಗೆ ಸಲಾಕೆ ಇದ್ದದ್ದರಿಂದ ಹೊಸ ಬ್ಲಾಕನ್ನು ಇಡಿಯಾಗಿ ತೂರಿಸುವ ಹಾಗಿರಲಿಲ್ಲ. ಉಳಿಸಿಟ್ಟಿದ್ದ ಬ್ಲಾಕುಗಳ ಹೊರಮೈಯನ್ನು ಮಾತ್ರ ಗರಗಸದಿಂದ ಕೊಯ್ದು, ತೂತಿಗೆ ಸರಿಯಾಗಿ ಕೂರಿಸಬೇಕಿತ್ತು. ಅದರ ಮೇಲೆ ಹಲಗೆಯಿಟ್ಟು ಬಿಗಿಯಬೇಕಿತ್ತು. ಹಲಗೆಯನ್ನು ಬಿಗಿಯಲು ನಮ್ಮಲ್ಲಿ ಸರಿಯಾದ ಸಾಧನವಿರಲಿಲ್ಲ.

ಗ್ರಿಲ್ ಅಂಗಡಿಯವನು ರಸ್ತೆ ದಾಟಿ ಬಂದು ಬಗ್ಗಿ ನೋಡಿದ. ಈ ಸಲ ಆರ್ಕೆಸ್ಟ್ರಾದ ಮಾತೆತ್ತಲಿಲ್ಲ.

"ಕ್ಲಾಂಪು ಬೇಕಾಗುತ್ತೆ ಗುರು. ಎಷ್ಟು ಅಗಲ?"

"ಒಂದಡಿ ಹತ್ತತ್ರ," ಎಂದರು ಮೇಸ್ತ್ರಿ.

ಅವನು ನಾಲ್ಕು ಕಬ್ಬಿಣದ ಕ್ಲಾಂಪುಗಳನ್ನೂ ಎರಡು ಉದ್ದನೆಯ ಆಂಗಲ್ ಪಟ್ಟಿಗಳನ್ನೂ ತಂದು, ತಾನೇ ಮಂಡಿಯೂರಿ ಬಿಗಿದು, ಮೇಲೆ ನೋಡಿ, "ಮೇಡಂ, ನೀವು ಕೂಗಿದ್ದಕ್ಕೆ ನನ್ನ ಕೈ ಕೊಯ್ಕೋತಿತ್ತು. ಮುಂದಿನ್ಸಲ ಮೊದ್ಲೇ ಹೇಳಿ," ಎಂದ.

ಅಮ್ಮ ಅಷ್ಟರಲ್ಲಿ ಪಾದ ತೊಳೆದುಕೊಂಡು, ಹೂವನ್ನು ಕಾಂಕ್ರೀಟಿನಿಂದ ಆರಿಸಿ ತೆಗೆದಿದ್ದಳು. ನಾನು ಅವಳ ಬಳಿ ಹೋದೆ. ಶುಭದ ಮೂಲೆಯೇ ಒಡೆಯಿತಲ್ಲ ಎಂದು ಅವಳು ಅಳುತ್ತಾಳೆಂದು ನನಗೆ ಅಂಜಿಕೆಯಿತ್ತು.

"ನಿನಗೆ ಮೊದ್ಲೇ ಗೊತ್ತಿತ್ತಾ?" ಎಂದಳು.

"ಗೊತ್ತಿತ್ತಮ್ಮ."

"ಮತ್ತೆ ಯಾಕೆ ಸುಮ್ನಿದ್ದೆ? ಇಲ್ಲಿ ಯಾರು ಮಲಗಿದ್ರು?"

ನಾನು ಮತ್ತೆ ಮರಳಿನ ರಾಶಿಯನ್ನು ಹತ್ತಿದೆ. ಹೊತ್ತು ಮುಳುಗುವ ಮೊದಲು ಮನೆಯ ಸುತ್ತ ಮೂರು ಸುತ್ತು ಮುಗಿಯಿತು. ಪ್ರತಿ ಸುತ್ತಿನಲ್ಲೂ ಎತ್ತರವನ್ನು ಕೋಲಿನಿಂದ ಅಳೆದು, ಸಾಕು, ಮುಂದೆ ನಡೆಯಿರಿ ಎಂದು ನಾನೇ ಕೂಗಿ ಹೇಳಿದೆ. ಸಂಜೆಯ ಹೊತ್ತಿಗೆ ಗಂಟಲು ಕಟ್ಟಿಹೋಗಿತ್ತು. ಪೂಜೆಯ ಮೂಲೆಯನ್ನು ಎಲ್ಲಕ್ಕಿಂತ ಕೊನೆಯಲ್ಲಿ ತುಂಬಿಸಿದೆವು, ಒಂದೊಂದು ಅಡಿಯಾಗಿ, ಪ್ರತಿ ಅಡಿಗೂ ನಿಂತು ಕಿವಿಗೊಟ್ಟು.

ಕೆಲಸ ಮುಗಿಯಿತೆಂದುಕೊಂಡದ್ದು ನನ್ನ ಭ್ರಮೆ. ಮೇಸ್ತ್ರಿಗೆ ನಿದ್ದೆ ಹತ್ತಲಿಲ್ಲ. ಕಟ್ಟಿದ ಗೋಡೆಯನ್ನು ಕರಣೆಯ ಮರದ ಹಿಡಿಯಿಂದ ತಟ್ಟಿ, ಬರುವ ಸದ್ದಿನಿಂದ ಒಳಗೆ ಗಟ್ಟಿಯೋ ಟೊಳ್ಳೋ ಎಂದು ತಿಳಿಯುವುದು ಅವರ ಕ್ರಮ. ಇಲ್ಲಿ ಎಲ್ಲಿ ತಟ್ಟಿದರೂ ದಿಂಬಿಗೆ ತಟ್ಟಿದ ಹಾಗೆ.

"ಮೂವತ್ತು ವರ್ಷದಲ್ಲಿ ಎಲ್ಲಾ ಗೋಡೆನೂ ನನ್ ಜೊತೆ ಮಾತಾಡಿದೆಯಮ್ಮಾ. ಇದು ಬಾಯೇ ಬಿಡ್ತಿಲ್ಲ. ಆ ಮೂಲೆ ಒಳಗೆ ಏನಿದೆಯೋ ದೇವ್ರಿಗೇ ಗೊತ್ತು."

ಅನುಮಾನವಿದ್ದಲ್ಲಿ ಫೋಮಿನಲ್ಲಿ ಒಂದು ಸಣ್ಣ ಚೌಕ ಕೊಯ್ದು ನೋಡಬಹುದು ಎಂದು ಕೈಪಿಡಿಯಲ್ಲಿತ್ತು. ಒಂದು ವಾರದ ನಂತರ ಕೊಯ್ದೆವು. ಒಳಗೆ ಕಾಂಕ್ರೀಟು ಎಲ್ಲೂ ತೂತಿಲ್ಲದೆ, ಸಲಾಕೆ ಕಾಣದಂತೆ, ನಯವಾಗಿ ಕೂತಿತ್ತು. ಮೇಸ್ತ್ರಿ ಆ ಅಂಗೈಯಗಲದ ಜಾಗಕ್ಕೆ ಮೂರು ಸಲ ತಟ್ಟಿದರು. ಟಣ್ ಎಂದಿತು. ಚೌಕವನ್ನು ಮತ್ತೆ ಮುಚ್ಚಿದರು. ಆದರೂ ಅವರ ಮುಖ ಪೂರ್ತಿ ತಿಳಿಯಾಗಲಿಲ್ಲ. "ಇಷ್ಟು ಜಾಗ ಮಾತಾಡ್ತು. ಉಳಿದಿದ್ದು?" ಎಂದರು.

ಅಮ್ಮನದು ಬೇರೆಯ ಪಟ್ಟು. ಹೊಸ ಗೋಡೆಗೆ ನೀರು ಹಾಕುವುದು ಕಟ್ಟಿಸುವವರ ಮನೆಯವರ ಕೆಲಸ, ಅದನ್ನು ಆಳುಗಳಿಗೆ ಬಿಡಬಾರದು ಎಂದು ಅವಳ ನಂಬಿಕೆ. ಈ ಗೋಡೆಗೆ ನೀರು ಬೇಡ, ಫೋಮು ಒಳಗಿನ ತೇವವನ್ನು ಆರಲು ಬಿಡುವುದಿಲ್ಲ ಎಂದು ನಾನು ಎಷ್ಟು ವಿವರಿಸಿದರೂ ಕೇಳಲಿಲ್ಲ. ದಿನವೂ ಪಾಳಿ ಮುಗಿಸಿ, ಶಿವಾಜಿನಗರದಿಂದ ಎರಡು ಬಸ್ಸು ಬದಲಿಸಿ, ಸೈಟಿಗೆ ಬಂದು, ಕೊಡದಿಂದ ಗೋಡೆಗೆ ನೀರು ಎರಚುತ್ತಿದ್ದಳು. ನೀರು ಫೋಮಿನ ಮೇಲೆ ನಿಲ್ಲದೆ ಹನಿಹನಿಯಾಗಿ ಕೆಳಗೆ ಓಡುತ್ತಿತ್ತು. ಅವಳು ಬೈಯಪ್ಪನಹಳ್ಳಿ ತಲುಪಿ ಮಲಗುವಾಗ ಹನ್ನೆರಡಾಗುತ್ತಿತ್ತು. ಅವಳ ನಿದ್ದೆಗೆಂದು ಎದ್ದ ಗೋಡೆ ಅವಳ ಉಳಿದ ನಿದ್ದೆಯನ್ನೂ ತಿನ್ನುತ್ತಿತ್ತು. ಒಂದು ದಿನ ಬಸ್ಸಿನಲ್ಲಿ ನಿಂತಲ್ಲೇ ತೂಕಡಿಸಿ ಕಂಬಿಗೆ ಹಣೆ ಬಡಿದುಕೊಂಡು ಬಂದಳು. ವಾರ್ಡಿನಲ್ಲೂ ಹೀಗಾದರೆ ಏನು ಗತಿ ಎಂದು ನಾನು ಆಫೀಸಿನಲ್ಲಿ ಪತ್ರಗಳ ಮೇಲೆ ತಪ್ಪು ತಾರೀಕು ಹಾಕುತ್ತಿದ್ದೆ.

ತಾರಸಿ ಹಾಕಿ, ಮೂರು ವಾರ ಕಾದು, ಕೆಳಗಿನ ಗಳುಗಳನ್ನು ಬಿಚ್ಚಿದೆವು. ತಾರಸಿಯ ಮೇಲೂ ಫೋಮ್ ಹಲಗೆ ಹಾಸಿ, ಅದರ ಮೇಲೆ ಗಾರೆ ಎಳೆದಾಯಿತು. ಬಡಗಿ ಮಲಗುವ ಕೋಣೆಯ ಬಾಗಿಲನ್ನೂ ಆ ಪುಟ್ಟ ಕಿಟಕಿಯ ಎರಡು ಜೊತೆ ಕದಗಳನ್ನೂ ಕೂರಿಸಿದ ಮರುದಿನ ನಾನು ರಜೆ ಹಾಕಿದ್ದೆ. ಹತ್ತು ಗಂಟೆಯ ಹೊತ್ತಿಗೆ ಅಮ್ಮ ಕೊಡ ಹಿಡಿದು ಬಂದವಳು ನೀರು ತರಲು ಹಿಂದಕ್ಕೆ ಹೋದಳು. ನಾನು ಮುಂದೆ ಮೇಸ್ತ್ರಿಯ ಜೊತೆ ಮೆಟ್ಟಿಲಿನ ಅಳತೆ ಮಾತಾಡುತ್ತಿದ್ದೆ. ಗ್ರಿಲ್ ಅಂಗಡಿಯಲ್ಲಿ ಯಂತ್ರ ಎಂದಿನಂತೆ ಸಲಾಕೆ ಕೊಯ್ಯುತ್ತಿತ್ತು. ಎಷ್ಟು ಹೊತ್ತಾದರೂ ಅಮ್ಮ ಕಾಣಿಸಲಿಲ್ಲ. ಹಿತ್ತಲಿನಲ್ಲಿ ತುಂಬಿದ ಕೊಡ ಮಾತ್ರ ಇತ್ತು.

ಮೇಸ್ತ್ರಿಯೂ ನಾನೂ ಒಳಗೆ ಹೋದೆವು. ಮಲಗುವ ಕೋಣೆಯ ಬಾಗಿಲು ಮುಚ್ಚಿತ್ತು, ಚಿಲಕ ಹಾಕಿರಲಿಲ್ಲ. ಹೊಸ ಬಾಗಿಲು ಸರಿಯಾಗಿ ಕೂರುತ್ತದೆಯೇ ಎಂದು ನೋಡಲು ಅಮ್ಮ ಒಳಗೆ ಹೋಗಿ ಮುಚ್ಚಿರಬೇಕು. ತಳ್ಳಿ ನೋಡಿದೆ. ಅಮ್ಮ ಸಿಮೆಂಟಿನ ಖಾಲಿ ಚೀಲಗಳ ಮೇಲೆ, ಪೂಜೆಯ ಮೂಲೆಗೆ ತಲೆಯಿಟ್ಟು, ಆಸ್ಪತ್ರೆಯ ಸೀರೆಯಲ್ಲೇ ಮಲಗಿದ್ದಳು.

ನಮ್ಮ ಹಿಂದೆ ಬಂದ ಆಳುಹೆಂಗಸು ಗಾಬರಿಯಾಗಿ, "ಅಯ್ಯೋ, ಎಬ್ಸಿ ಅಮ್ಮಾ. ಇನ್ನೂ ಹಾಲುಕ್ಕಿಸಿಲ್ಲ. ಗೃಹಪ್ರವೇಶ ಆಗ್ದೆ ಮನೇಲಿ ಮಲಗ್ಬಾರ್ದು," ಎಂದಳು.

ಅದು ನನಗೂ ಗೊತ್ತಿತ್ತು. ಅಮ್ಮನಿಗೆ ನನಗಿಂತ ಚೆನ್ನಾಗಿ ಗೊತ್ತಿತ್ತು. ನಾನು ಮೇಸ್ತ್ರಿಯ ಮುಖ ನೋಡಿದೆ. ಅವರು ತುಟಿಯ ಮೇಲೆ ಬೆರಳಿಟ್ಟು, ಆ ಆಳುಹೆಂಗಸನ್ನು ಹೊರಗೆ ಕಳಿಸಿ, ನನ್ನನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು.

ಗ್ರಿಲ್ ಯಂತ್ರದ ಕಿರುಚಾಟ ತಗ್ಗಿತು. ಗೋದಾಮಿನ ಆ ಕಿರಿದಾದ ದಾರಿಯಲ್ಲಿ ಆದಂತೆಯೇ ಅದು ಬೇರೆ ಬೀದಿಯದಾಯಿತು. ಹೊರಗೆ ಬಿಸಿಲು ಏರುತ್ತಿತ್ತು. ಒಳಗೆ ಸಿಮೆಂಟಿನ ತಣ್ಣನೆಯ ವಾಸನೆ. ಸ್ವಲ್ಪ ಹೊತ್ತಿನಲ್ಲಿ ಗೂಡ್ಸ್ ರೈಲು ಬಂತು. ಅದು ಬಂದದ್ದು ನನಗೆ ತಿಳಿದದ್ದು ಅಂಗಾಲಿನಿಂದ. ಕಿವಿಗೆ ದೂರದ ಗುಡುಗಿನಷ್ಟೇ. ನಾನು ಅಮ್ಮನ ಕಾಲಿನ ಹೆಬ್ಬೆರಳನ್ನು ನೋಡಿದೆ. ಅದು ಅಲುಗಲಿಲ್ಲ.

ಮೇಸ್ತ್ರಿಯ ಕೈಯಲ್ಲಿ ಕರಣೆಯಿತ್ತು. ಅಭ್ಯಾಸಬಲದಿಂದ ಅವರು ಅದನ್ನು ತಿರುಗಿಸಿ, ಮರದ ಹಿಡಿಯನ್ನು ಮೂಲೆಯ ಗೋಡೆಯ ಹತ್ತಿರಕ್ಕೆ ಒಯ್ದರು. ಗೋಡೆಗೆ ಒಂದು ಅಂಗುಲವಿದ್ದಾಗ ನಿಲ್ಲಿಸಿದರು. ಮಲಗಿದ್ದವಳನ್ನು ಒಮ್ಮೆ ನೋಡಿ, ತಟ್ಟದೆಯೇ ಕರಣೆಯನ್ನು ಕೆಳಗಿಳಿಸಿದರು.

ಹೊರಗೆ ಬಂದು ಆಳುಗಳಿಗೆ, "ಎಲ್ಲಾ ಚಾ ಕುಡ್ಕೊಂಡು ಬನ್ನಿ. ನಿಧಾನಕ್ಕೆ ಬನ್ನಿ," ಎಂದರು.

ನಾನು ಬಾಗಿಲಿನ ಹೊರಗೆ ನೆಲದ ಮೇಲೆ ಕೂತೆ. ನೋಟುಪುಸ್ತಕ ತೊಡೆಯ ಮೇಲಿತ್ತು. ಹಾಳೆಯನ್ನು ತುದಿ ಹಿಡಿದು ಎತ್ತಿ ಮಗುಚಲು ಹೋಗಿ, ಅದರ ಅಗತ್ಯವಿಲ್ಲವೆಂದು ನೆನಪಾಗಿ, ಸಾಧಾರಣವಾಗಿಯೇ ಮಗುಚಿದೆ. ಅಮ್ಮ ಎದ್ದದ್ದು ಸಂಜೆ ನಾಲ್ಕೂವರೆಗೆ. ಕೆನ್ನೆಯ ಮೇಲೆ ಚೀಲದ ನೇಯ್ಗೆಯ ಗುರುತು ಬಿದ್ದಿತ್ತು. ಬಾಗಿಲು ತೆರೆದು, ಬಿಸಿಲು ಇಳಿದದ್ದನ್ನು ನೋಡಿ ಅವಳಿಗೆ ಸಿಟ್ಟು ಬಂತು.

"ಗೋಡೆಗೆ ನೀರೇ ಹಾಕ್ಲಿಲ್ಲ. ಎಬ್ಬಿಸೋಕೇನು ನಿನಗೆ?"

"ಐದು ರೈಲು ಹೋದವಮ್ಮ. ನಾನು ಬೇರೆ ಯಾಕೆ ಎಬ್ಬಿಸಲಿ?"

ಅಮ್ಮ ಕೂದಲು ಕಟ್ಟುತ್ತಿದ್ದ ಕೈಯನ್ನು ಅಲ್ಲೇ ನಿಲ್ಲಿಸಿದಳು. ಹಳಿಯ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

"ಯಾವಾಗ?" ಎಂದಳು.